ಹಳೆಯ ಗಾಯ, ಏರಿಳಿಯುವ ಮನಸ್ಸು: ಚಿಕಿತ್ಸೆಗೂ ಹದ ಬೇಕು



2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಜರಿದು 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಂತಹ ದುರಂತದಿಂದ ಬದುಕಿ ಬಂದವರಲ್ಲಿ ಕೆಲವರಿಗೆ ಮಳೆಯ ಸದ್ದು ಕೇಳಿದರೆ ಎದೆ ನಡುಗುತ್ತದೆ. ಕಣ್ಣು ಮುಚ್ಚಿದರೆ ಅದೇ ರಾತ್ರಿ ಮರಳಿ ಬರುತ್ತದೆ. ಇದು ಹೇಡಿತನವಲ್ಲ, ಮನಸ್ಸಿಗಾದ ಗಾಯ.

ಅಂತಹ ಒಬ್ಬರಿಗೆ ಮೊದಲೇ ಬೈಪೋಲಾರ್ ಕಾಯಿಲೆ ಇದ್ದರೆ? ಈ ಕಾಯಿಲೆಯಲ್ಲಿ ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಕೆಲವು ಕಾಲ ಖಿನ್ನತೆಗೆ ಇಳಿಯುತ್ತದೆ. ಇಲ್ಲಿ ಮನೆಯವರು ಮೋಸಹೋಗುವುದುಂಟು. ಆಘಾತಗೊಂಡವನಿಗೆ ನಿದ್ದೆ ಬೇಕು, ಬರುವುದಿಲ್ಲ, ಬೆಳಿಗ್ಗೆ ದಣಿದಿರುತ್ತಾನೆ. ಮನಸ್ಸು ಏರಿದವನಿಗೆ ಎರಡು ಮೂರು ಗಂಟೆ ಮಲಗಿದರೂ ಆಯಾಸವಿಲ್ಲ. ಮಾತು ಹೆಚ್ಚು, ಖರ್ಚು ಹೆಚ್ಚು, ಸಾಲ ಮಾಡಿ ಹೊಸ ತೋಟ ಕೊಳ್ಳುವ ಆತುರ. ‘ದುಃಖ ಮರೆತು ಧೈರ್ಯ ತಂದುಕೊಂಡ’ ಎಂದು ನಾವು ಹೊಗಳುವ ಹೊತ್ತಿಗೆ ಆತ ಅಪಾಯದಲ್ಲಿರಬಹುದು.

ಆಘಾತಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ತರಬೇತಿ ಪಡೆದವರೊಂದಿಗೆ ಕುಳಿತು ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಹೇಳಿಕೊಳ್ಳುತ್ತಾ ಅದರ ಭಯವನ್ನು ಕರಗಿಸುವುದೇ ಅದರ ತಿರುಳು. ಬೈಪೋಲಾರ್ ಇದ್ದವರಿಗೂ ಇದು ಸಲ್ಲುತ್ತದೆ. ಆದರೆ ನೆರೆನೀರು ಇಳಿಯದ ಗದ್ದೆಗೆ ಯಾರೂ ಉಳಲು ಇಳಿಯುವುದಿಲ್ಲ. ಆದುದರಿಂದ ಈ ಕ್ರಮ ಅಗತ್ಯ:

1. ಮೊದಲು ನಿದ್ದೆ, ಔಷಧಿ, ದಿನಚರಿ ಸ್ಥಿರವಾಗಬೇಕು. ಮನಸ್ಸು ಏರಿರುವಾಗ ಅಥವಾ ಸಾಯುವ ಮಾತು ಬರುತ್ತಿರುವಾಗ ಹಳೆಯದನ್ನು ಕೆದಕಬಾರದು. ಕೂಡಲೇ ವೈದ್ಯರನ್ನು ಕಾಣಬೇಕು.

2. ಹಿಂದೆ ಮನಸ್ಸು ಏರಿದ್ದುಂಟೆಂದು ವೈದ್ಯರಿಗೆ ತಪ್ಪದೆ ತಿಳಿಸಿರಿ. ಆಘಾತಕ್ಕೆ ಸಾಮಾನ್ಯವಾಗಿ ಕೊಡುವ ಖಿನ್ನತೆಯ ಮಾತ್ರೆಗಳು ಇಂತಹವರಲ್ಲಿ ಉನ್ಮಾದವನ್ನು ಕೆರಳಿಸಬಹುದು.

3. ನೆನಪಿನ ಕೆಲಸ ನಿಧಾನವಾಗಿ ಸಾಗಲಿ. ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು ಎಂದು ದಿನವೂ ಪುಸ್ತಕದಲ್ಲಿ ಬರೆದಿಡಿರಿ. ನಿದ್ದೆ ಕಡಿಮೆಯಾಗುತ್ತಾ ಬಂದರೆ ಚಿಕಿತ್ಸಕರಿಗೆ ತಿಳಿಸಿ, ಕೆಲವು ದಿನ ತಡೆಯಿರಿ. ಅದು ಸೋಲಲ್ಲ.

4. ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸಬಹುದು. ಆನೆ, ಹಂದಿ ಕಾಯಲು ರಾತ್ರಿ ಅಟ್ಟಣೆ ಏರುವ ಕೆಲಸ ಬೇರೆಯವರಿಗಿರಲಿ. ರಾತ್ರಿಯ ಜಾಗರಣೆಯೂ ಬೇಡ.

5. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ದುಡಿಯುವಾಗ ಸಾಕಷ್ಟು ನೀರು ಕುಡಿಯಬೇಕು. ಉಪ್ಪನ್ನು ಒಮ್ಮೆಲೇ ಬಿಡಬಾರದು. ಮೈಕೈ ನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಬಲವಾಗಿ ನಡುಗಿದರೆ, ವಾಂತಿಯಾದರೆ, ಮಾತು ತೊದಲಿದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೆರೆಯವರಾದ ನಮಗೂ ಒಂದು ಮಾತು. ‘ಆ ರಾತ್ರಿ ಏನಾಯಿತು, ಹೇಳು’ ಎಂದು ಅಂಗಳದಲ್ಲಿ ಕೂರಿಸಿ ಒತ್ತಾಯಿಸುವುದು ಪ್ರೀತಿಯಲ್ಲ. ಅವರಾಗಿ ಹೇಳಿದರೆ ಕೇಳೋಣ; ಇಲ್ಲವಾದರೆ ಅವರ ಹಸುವಿಗೆ ಹುಲ್ಲು ಹಾಕಿ, ಹೊತ್ತಿಗೆ ಸರಿಯಾಗಿ ಊಟ ಬಡಿಸೋಣ. ಗುಣವಾಯಿತೆಂದು ಔಷಧಿ ನಿಲ್ಲಿಸಲು ಸಲಹೆ ಕೊಡದಿರೋಣ. ಸಹಾಯ ಬೇಕಾದವರು ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು, ಖರ್ಚಿಲ್ಲ.