ಉದ್ಯಮಿ ಹುಟ್ಟುವುದು ಯಾವ ಅಂಗಳದಲ್ಲಿ?

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ಹರಿದಾಸ ಪರಂಪರೆ ಬಲ್ಲವರಿಗೆ ಅದು ವಿಜಯದಾಸರ ಊರು. ಇಂಥ ಊರಿನ ಅಕ್ಕಪಕ್ಕದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡೂ ಮನೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯುವುದರಲ್ಲಿ ಪಳಗಿದವರು. ಒಬ್ಬಾಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಪೇಟೆಯ ಅಂಗಡಿಗಳಿಗೆ ಕಳಿಸತೊಡಗುತ್ತಾಳೆ. ಇನ್ನೊಬ್ಬಾಕೆಯ ರೊಟ್ಟಿ ಮನೆಯ ಹೊಸ್ತಿಲು ದಾಟುವುದಿಲ್ಲ. ಕೈಯ ಹದ ಒಂದೇ, ಜೋಳವೂ ಒಂದೇ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು?

‘ವ್ಯಾಪಾರ ರಕ್ತದಲ್ಲೇ ಇರಬೇಕು’ ಎನ್ನುವವರಿದ್ದಾರೆ. ಸ್ವೀಡನ್ನಿನ ದತ್ತು ಮಕ್ಕಳ ದಾಖಲೆಗಳನ್ನು ಬಳಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅಪ್ಪ ಅಥವಾ ಅಮ್ಮ ಉದ್ಯಮಿಯಾಗಿದ್ದರೆ ಮಕ್ಕಳೂ ಉದ್ಯಮಿಗಳಾಗುವ ಸಾಧ್ಯತೆ ಸುಮಾರು ಶೇ 60ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಆದರೆ ಹೆತ್ತವರ ಪ್ರಭಾವಕ್ಕಿಂತ ಸಾಕಿದವರ ಪ್ರಭಾವ ಸುಮಾರು ಎರಡರಷ್ಟಿತ್ತು. ರಕ್ತದ ಪಾಲು ಇಲ್ಲವೆಂದಲ್ಲ. ಮನೆಯ ಪಾಲು ದೊಡ್ಡದು. ಒಂದು ಸಂತೆಯಲ್ಲಿ ಕಳೆದದ್ದನ್ನು ಅಮ್ಮ ಮುಂದಿನ ಸಂತೆಯಲ್ಲಿ ಗಳಿಸುವುದನ್ನು ಕಂಡು ಬೆಳೆದ ಮಗುವಿಗೆ ನಷ್ಟ ಎಂದರೆ ಎಲ್ಲ ಮುಗಿಯಿತು ಎಂದಲ್ಲ.

ಇನ್ನು ಮನಸ್ಸಿನ ಮಾತು. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಸಾಧಿಸುವ ಹಂಬಲವನ್ನು ಗೂಟಕ್ಕೆ ಬಳೆ ಎಸೆಯುವ ಆಟದಿಂದ ವಿವರಿಸುತ್ತಿದ್ದರು. ಹಂಬಲ ಹೆಚ್ಚಿರುವವರು ಗೂಟದ ಪಕ್ಕದಲ್ಲೂ ನಿಲ್ಲುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ. ಪ್ರಯತ್ನಪಟ್ಟರೆ ಗೆಲ್ಲಬಹುದಾದ ನಡುದೂರವನ್ನು ಆರಿಸಿಕೊಳ್ಳುತ್ತಾರೆ. ಉದ್ಯಮಿಯ ಧೈರ್ಯ ಜೂಜುಕೋರನದಲ್ಲ, ಅಳೆದು ತೂಗಿದ್ದು. ಈ ಹಂಬಲವನ್ನು ಕಲಿಸಬಹುದೇ ಎಂದು ತಿಳಿಯಲು 1960ರ ದಶಕದಲ್ಲಿ ಅವರು ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಏರ್ಪಡಿಸಿದರು. ಆಮೇಲೆ ಅವರಲ್ಲಿ ಹೊಸ ವ್ಯವಹಾರಕ್ಕೆ ಕೈಹಾಕಿದವರು ಹೆಚ್ಚಿದರು. ಆಫ್ರಿಕಾದ ಟೋಗೊದಲ್ಲಿ 1500 ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕೇಳದೆಯೇ ಮುಂದಡಿ ಇಡುವ, ತೊಡಕು ಬಂದರೂ ಬಿಡದ ಮನೋಭಾವವನ್ನು ಕಲಿತವರ ಲಾಭ ಶೇ 30ರಷ್ಟು ಏರಿತು. ಲೆಕ್ಕಪತ್ರ, ಮಾರಾಟದಂಥ ರೂಢಿಯ ಪಾಠ ಕಲಿತವರ ಲಾಭ ಅಷ್ಟು ಏರಲಿಲ್ಲ.

ಆದರೆ ಮನಸ್ಸೊಂದೇ ಸಾಲದು, ನೆಲವೂ ಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ, ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರು ಸೀಮೆಗೆ ಭತ್ತ ತಂದಿತು. ಭತ್ತದ ಬೆನ್ನಿಗೆ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಲಾರಿಗಳು ಬಂದವು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಕಾಲುವೆ ನೀರಿನ ಬೇಸಾಯವನ್ನು ತಮ್ಮೂರಲ್ಲೇ ಕಂಡಿದ್ದರು. ಅನುಭವವೂ ಒಂದು ಬಂಡವಾಳ. ನೀರು, ರಸ್ತೆ, ಬ್ಯಾಂಕು ಎಟುಕದ ಕಡೆ ದುಡಿಯುವ ಛಲ ಉದ್ಯಮವಾಗದೆ ಗುಳೆಯಾಗುತ್ತದೆ. ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವವರಿಗೆ ಛಲದ ಕೊರತೆಯಿಲ್ಲ.

ಮತ್ತೆ ಆ ರೊಟ್ಟಿ ಮನೆಗಳಿಗೆ ಬರೋಣ. ಅಲ್ಲಿನ ವ್ಯತ್ಯಾಸಕ್ಕೆ ಜತೆಗಾರ್ತಿಯೂ ಕಾರಣವಿರಬಹುದು. ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವರನ್ನು ಒಂಟಿಯಾಗಿ ಕರೆದರು, ಕೆಲವರಿಗೆ ಗೆಳತಿಯನ್ನೂ ಕರೆತರಲು ಹೇಳಿದರು. ಪಾಠ ಒಂದೇ. ಗೆಳತಿಯೊಡನೆ ಬಂದವರಲ್ಲಿ ಮಾತ್ರ ವ್ಯವಹಾರ ಬೆಳೆಯಿತು. ಅವರು ವ್ಯಾಪಾರಕ್ಕೆ ಸಾಲ ಪಡೆದರು, ಮನೆಯ ಆದಾಯವೂ ಏರಿತು. ಹೆಣ್ಣು ಹೊರಗೆ ಓಡಾಡಲು ಕಟ್ಟುಪಾಡು ಬಿಗಿಯಾಗಿದ್ದ ಸಮುದಾಯಗಳಲ್ಲಿ ಈ ಪರಿಣಾಮ ಇನ್ನೂ ಗಾಢವಾಗಿತ್ತು. ನಮ್ಮ ಸ್ವಸಹಾಯ ಸಂಘಗಳ ಬಲವೂ ಇದೇ: ಅವು ಸಾಲದ ಜೊತೆ ಜತೆಗಾರ್ತಿಯರನ್ನೂ ಕೊಡುತ್ತವೆ.

1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಜನರಿಗೆ ಊಟ, ವಸತಿ ಸಹಿತ ಉಚಿತ ಸ್ವಉದ್ಯೋಗ ತರಬೇತಿ ಕೊಟ್ಟು ದಾರಿ ತೋರಿಸಿತು. ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಈಗ ದೇಶದ ಜಿಲ್ಲೆಜಿಲ್ಲೆಗಳಲ್ಲಿವೆ. ನಿಮ್ಮ ಮನೆಯ ಮಗಳೋ ಸೊಸೆಯೋ ಅಲ್ಲಿಗೆ ಹೊರಟರೆ ತಡೆಯಬೇಡಿ. ಸಾಧ್ಯವಾದರೆ ಪಕ್ಕದ ಮನೆಯಾಕೆಯನ್ನೂ ಜೊತೆಗೆ ಕಳಿಸಿ.