ಓದುವ ಮಕ್ಕಳು ಮತ್ತು ಮಾದಕ ವ್ಯಸನ

ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗನ ಅಂಕಗಳು ಕುಸಿದೊಡನೆ ನಾವು ಅವನ ಸೋಮಾರಿತನವನ್ನೋ ಮೊಬೈಲನ್ನೋ ದೂರುತ್ತೇವೆ. ಗುಟ್ಕಾ, ಸಿಗರೇಟು, ಗಾಂಜಾ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಇವುಗಳತ್ತ ನಮ್ಮ ಗಮನ ಹರಿಯುವಷ್ಟರಲ್ಲಿ ವ್ಯಸನ ಬೇರೂರಿರುತ್ತದೆ.

ವಿವೇಚನೆ, ಸಂಯಮ, ಏಕಾಗ್ರತೆಗಳಿಗೆ ಆಧಾರವಾದ ಮಿದುಳಿನ ಮುಂಭಾಗವು ಸುಮಾರು 25ನೆಯ ವಯಸ್ಸಿನವರೆಗೂ ಪಕ್ವವಾಗುತ್ತಲೇ ಇರುತ್ತದೆ. ಆದುದರಿಂದಲೇ ಹದಿಹರೆಯದವರಿಗೆ ವ್ಯಸನ ಬೇಗನೆ ಅಂಟುತ್ತದೆ. ಗಾಂಜಾದ ಮಾದಕಾಂಶವು ಹೊಸ ನೆನಪುಗಳನ್ನು ರೂಪಿಸುವ ಮಿದುಳಿನ ಕಾರ್ಯಕ್ಕೆ ಅಡ್ಡಿಪಡಿಸುತ್ತದೆ. ಓದಿದ್ದು ಮನದಲ್ಲಿ ನಿಲ್ಲುವುದಿಲ್ಲ. ತಂಬಾಕಿನ ನಿಕೋಟಿನ್ ಪ್ರಭಾವ ಕೆಲವು ಗಂಟೆಗಳಲ್ಲಿಯೇ ಇಳಿದು ಚಡಪಡಿಕೆ ಆರಂಭವಾಗುತ್ತದೆ. ಬಾಲಕನ ಮನಸ್ಸು ಪಾಠವನ್ನು ಬಿಟ್ಟು ಬಿಡುವಿನ ಗಂಟೆಗೆ ಕಾಯುತ್ತದೆ. ಸಲ್ಯೂಷನ್ನಿನ ಆವಿಯು ನರಗಳಿಗೆ ಹಾನಿಕರ. ಒಮ್ಮೆ ಮೂಸಿದಾಗಲೂ ಹೃದಯದ ಬಡಿತ ತಪ್ಪಿ ಸಾವು ಸಂಭವಿಸಬಹುದು.

ಗಣಿತದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನದು ಅರ್ಥವಾಗದು. ಅರ್ಥವಾಗದವನು ನಾಚಿಕೆಯಿಂದ ಶಾಲೆ ತಪ್ಪಿಸುತ್ತಾನೆ. ಆ ನೋವನ್ನು ಮರೆಯಲು ಮತ್ತೆ ಅದೇ ವಸ್ತುವಿಗೆ ಕೈಚಾಚುತ್ತಾನೆ. ಹೀಗೆ ಎಸ್ಸೆಸ್ಸೆಲ್ಸಿ ತಲುಪುವ ಮೊದಲೇ ಕೆಲವರ ಓದು ನಿಲ್ಲುತ್ತದೆ.

ಕೆಂಪೇರಿದ ಕಣ್ಣು, ಅಕಾಲ ನಿದ್ರೆ, ಹಣದ ಸುಳ್ಳು ಲೆಕ್ಕ, ಹಳೆಯ ಗೆಳೆಯರಿಂದ ದೂರವಾಗುವುದು ಇವು ಕಂಡಾಗ ವಿಚಾರಿಸಬೇಕು. ಇವೆಲ್ಲ ವ್ಯಸನದಿಂದಲೇ ಬಂದವೆಂದು ತೀರ್ಮಾನಿಸಲಾಗದು. ಹೊಡೆದರೆ ಮಗು ಮುಚ್ಚಿಡುವುದನ್ನು ಕಲಿಯುತ್ತದೆ. ಮಾನಕ್ಕಂಜಿ ನಾವೇ ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆ. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ 14416 ಉಚಿತ ಸಹಾಯವಾಣಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ತಜ್ಞರಿದ್ದಾರೆ.

ಕರ್ನಾಟಕದಲ್ಲಿ ತಿದ್ದುಪಡಿಗೊಂಡಿರುವ 2003ರ ಕೇಂದ್ರ ಕಾಯ್ದೆಯು 21 ವರ್ಷದೊಳಗಿನವರಿಗೆ ಹಾಗೂ ವಿದ್ಯಾಸಂಸ್ಥೆಗಳ ಸಮೀಪದಲ್ಲಿ ತಂಬಾಕು ಮಾರುವುದನ್ನು ನಿಷೇಧಿಸಿದೆ. ಆದರೆ ಮಗನ ಕೈಗೆ ಹಣವಿತ್ತು ಬೀಡಿ ತರಿಸುವ ಹಿರಿಯರು ನಮ್ಮ ಮನೆಗಳಲ್ಲಿಯೇ ಇದ್ದಾರಲ್ಲವೆ? ಆ ಅಂಗಡಿಯ ದಾರಿಯನ್ನು ಮಗುವಿಗೆ ತೋರಿದವರು ನಾವೇ.

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಆ ಜೋಳಿಗೆಗೆ ಮೊದಲು ಮನೆಯ ಹಿರಿಯರಾದ ನಮ್ಮ ಚಟಗಳು ಬೀಳಲಿ. ಆಗ ಮಕ್ಕಳಿಗೆ ಬುದ್ಧಿ ಹೇಳುವ ನಮ್ಮ ಮಾತಿಗೆ ಬೆಲೆ ಬಂದೀತು.