ಜೀವಾಣುಗಳ ಬಲದಿಂದ ತಿರುಗುವ ಸೂಕ್ಷ್ಮಯಂತ್ರಗಳು

ಕಪಿಲೆಯನ್ನು ಹೊಡೆಯುವುದಕ್ಕೂ ಗಾಣವನ್ನು ತಿರುಗಿಸುವುದಕ್ಕೂ ಎತ್ತುಗಳನ್ನು ಹೂಡುವ ಪದ್ಧತಿಯು ಈ ಸೀಮೆಯಲ್ಲಿ ಬಹು ಪುರಾತನವಾದುದು. ವಿದ್ಯುತ್ ಪಂಪುಗಳು ಬಂದ ಮೇಲೆ ಕಪಿಲೆಬಾವಿಗಳು ಅಪರೂಪವಾದುವು. ಆದರೂ ಎತ್ತು ಕಟ್ಟಿ ಬಾಳಿದವರು ಒಂದು ಸಂಗತಿಯನ್ನು ಮರೆತಿರಲಾರರು. ಪಂಪನ್ನು ನಿಲ್ಲಿಸಿ ಮನೆಗೆ ಬೀಗ ಹಾಕಿ ಹೋಗಬಹುದು. ಎತ್ತಿಗಾದರೋ ಕೆಲಸವಿಲ್ಲದ ದಿನವೂ ಮೇವು ನೀರುಗಳನ್ನು ಕೊಡಲೇಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳನ್ನು ಜೀವಾಣುಗಳಿಂದ ತಿರುಗಿಸಲು ಹೊರಟ ವಿಜ್ಞಾನಿಗಳಿಗೂ ಈ ಸಂಗತಿಯೇ ಎದುರಾಗಿದೆ.

ಸಣ್ಣ ಯಂತ್ರಕ್ಕೆ ಜೀವವಸ್ತುವೇ ಏತಕ್ಕೆಂದು ವಾಚಕರು ಕೇಳಬಹುದು. ಯಂತ್ರವು ಚಿಕ್ಕದಾದಷ್ಟೂ ಅದಕ್ಕೆ ತಕ್ಕ ಎಂಜಿನ್ನನ್ನೂ ಇಂಧನದ ತೊಟ್ಟಿಯನ್ನೂ ರಚಿಸುವುದು ಕಷ್ಟತರವಾಗುತ್ತದೆ. ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳಲ್ಲಿ ಇವೆಲ್ಲವೂ ಮೊದಲೇ ಅಡಗಿವೆ. ಅವು ಸುತ್ತಲಿನ ದ್ರವದಿಂದಲೇ ಆಹಾರವನ್ನು ತೆಗೆದುಕೊಳ್ಳುತ್ತವೆ. ಸವೆದುದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಒಂದು ಎರಡಾಗಿ ಒಡೆದು ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳುತ್ತವೆ.

ಈ ವಿಷಯದಲ್ಲಿ ಕೃಷಿಕರಿಗೆ ಹೆಚ್ಚು ಸ್ವಾರಸ್ಯವಾಗಿ ತೋರತಕ್ಕ ಪ್ರಯೋಗವು ಅಮೆರಿಕಾ ದೇಶದ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದುದಾಗಿದೆ. ಅವರು ಆರಿಸಿಕೊಂಡುದು ಹೊಲದ ಮಣ್ಣಿನಲ್ಲಿಯೂ ಒಣಹುಲ್ಲಿನಲ್ಲಿಯೂ ಸಾಧಾರಣವಾಗಿ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯ. ಇದರ ಉದ್ದವು ಸುಮಾರು ಒಂದು ಮಿಲ್ಲಿಮೀಟರಿನ 200ರಲ್ಲಿ ಒಂದು ಪಾಲು. ಇವು ಈಜುತ್ತಿದ್ದ ದ್ರವದ ತೆಳುವಾದ ಪದರದಲ್ಲಿ ಒಂದು ಹಲ್ಲುಚಕ್ರವನ್ನು ಬಿಟ್ಟರು. ಚಕ್ರದ ಅಗಲವು 0.38 ಮಿಲ್ಲಿಮೀಟರು, ಎಂದರೆ ರಾಗಿಯ ಕಾಳಿನ ಸುಮಾರು ಕಾಲುಪಾಲು. ಅದರ ತೂಕವು ಒಂದು ಬ್ಯಾಕ್ಟೀರಿಯದ ತೂಕದ ಹತ್ತು ಲಕ್ಷ ಪಾಲಿನಷ್ಟು. ನೂರಾರು ಬ್ಯಾಕ್ಟೀರಿಯಗಳು ಕೂಡಿ ನೂಕಲು ಚಕ್ರವು ನಿಮಿಷಕ್ಕೆ ಒಂದೆರಡು ಸುತ್ತು ತಿರುಗಿತು.

ಗಾಣದ ಎತ್ತಿಗೆ ನೊಗವುಂಟು, ಹಿಂದೆ ಹೊಡೆಯುವವನುಂಟು. ಇಲ್ಲಿ ಯಾರೂ ಯಾವುದನ್ನೂ ಹೂಡಿರಲಿಲ್ಲ. ಬ್ಯಾಕ್ಟೀರಿಯಗಳು ಮನಸ್ಸು ಬಂದ ಕಡೆಗೆ ಓಡಾಡುತ್ತಿದ್ದುವು. ಹಾಗಿರುವಾಗ ಚಕ್ರವು ಒಂದೇ ದಿಕ್ಕಿಗೆ ತಿರುಗಿದುದು ಹೇಗೆ? ಗುಟ್ಟು ಹಲ್ಲಿನ ಆಕಾರದಲ್ಲಿದೆ. ಚಕ್ರದ ಹಲ್ಲುಗಳನ್ನು ಗರಗಸದ ಹಲ್ಲಿನಂತೆ ಒಂದೇ ಕಡೆಗೆ ಓರೆಯಾಗಿ ಕತ್ತರಿಸಿದ್ದರು. ಇಳಿಜಾರಾದ ಮೈಗೆ ತಾಗಿದ ಬ್ಯಾಕ್ಟೀರಿಯವು ಜಾರಿ ಹೊರಟುಹೋಗುತ್ತದೆ. ಮೂಲೆಯಲ್ಲಿ ಸಿಕ್ಕಿಬಿದ್ದುದು ಹೊರಗೆ ಬರಲಾರದೆ ಕೆಲವು ಕಾಲ ಅಲ್ಲಿಯೇ ನೂಕುತ್ತಿರುತ್ತದೆ. ಹೀಗೆ ಗೊತ್ತುಗುರಿಯಿಲ್ಲದ ಓಡಾಟದಿಂದಲೇ ಕೆಲಸವು ಒದಗುತ್ತದೆ. ಹಲ್ಲುಗಳು ಎರಡು ಕಡೆಗೂ ಸಮವಾಗಿದ್ದರೆ ಒಂದರ ನೂಕು ಮತ್ತೊಂದರ ನೂಕಿಗೆ ವಜಾ ಆಗುವುದು. ಬ್ಯಾಕ್ಟೀರಿಯಗಳು ಸತ್ತಿದ್ದರೆ ಹಲ್ಲು ಎಷ್ಟು ಓರೆಯಾಗಿದ್ದರೂ ಪ್ರಯೋಜನವಿಲ್ಲ.

ದ್ರವಕ್ಕೆ ಆಮ್ಲಜನಕವು ದೊರೆಯದಂತೆ ಮಾಡಿದಾಗ ಬ್ಯಾಕ್ಟೀರಿಯಗಳು ಸೋತು ಚಕ್ರವು ನಿಂತಿತು. ಗಾಳಿಯನ್ನು ಮರಳಿ ಬಿಡಲು ಪುನಃ ತಿರುಗಿತು. ಗುಂಪು ದಟ್ಟವಾದಷ್ಟೂ ವೇಗವು ಸ್ವಲ್ಪ ದೂರ ಹೆಚ್ಚಿ, ಮಿತಿಮೀರಿ ಕಿಕ್ಕಿರಿದಾಗ ಕುಗ್ಗಿತು. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ದನಗಳನ್ನು ತುಂಬಿದವರಿಗೆ ಇದು ಆಶ್ಚರ್ಯವಾಗಲಾರದು.

ನೊಗ ಹೂಡಿದ ದೃಷ್ಟಾಂತವೂ ಒಂದುಂಟು. 2006ರಲ್ಲಿ ಜಪಾನಿನ ವಿಜ್ಞಾನಿಗಳು ಮೀನಿನ ಕಿವಿರಿನಲ್ಲಿ ಬದುಕುವ ಮೈಕೋಪ್ಲಾಸ್ಮ ಮೊಬೈಲ್ ಎಂಬ ಜೀವಾಣುವನ್ನು ತೆಗೆದುಕೊಂಡು, ಅದು ಒಂದೇ ದಿಕ್ಕಿಗೆ ಸುತ್ತುವಂತೆ ದುಂಡಾದ ಹಾದಿಯನ್ನು ಕೊರೆದು, ಅದರ ಮೈಯನ್ನು ಸ್ಟ್ರೆಪ್ಟಾವಿಡಿನ್ ಎಂಬ ಅಂಟಿನಂಥ ವಸ್ತುವಿನಿಂದ ಚಕ್ರಕ್ಕೆ ಬಂಧಿಸಿದರು. ಗ್ಲೂಕೋಸ್ ಸಕ್ಕರೆಯೇ ಅದಕ್ಕೆ ಮೇವು. ಚಕ್ರವು ನಿಮಿಷಕ್ಕೆ ಸುಮಾರು ಎರಡು ಸುತ್ತು ಬಂದಿತು.

ಬ್ಯಾಕ್ಟೀರಿಯವು ಈಜುವ ಶಕ್ತಿಯಾದರೂ ಎಲ್ಲಿಂದ ಬಂದಿತು? ಅದರ ಬಾಲದ ಬುಡದಲ್ಲಿ ನಿಜವಾಗಿಯೂ ತಿರುಗುವ ಒಂದು ಮೋಟಾರಿದೆ. ಅದರ ಅಗಲವು ಮಿಲ್ಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ವೇಗವು ಕ್ಷಣಕ್ಕೆ ನೂರು ಸುತ್ತಿಗೂ ಮೀರಬಹುದು. ಇದಕ್ಕಿಂತಲೂ ಸಣ್ಣದಾದ ಇನ್ನೊಂದು ಮೋಟಾರು ಮನುಷ್ಯ, ಪಶು, ಬೆಳೆಗಳ ಜೀವಕೋಶಗಳಲ್ಲಿಯೂ ಇದೆ. ಶಿವನಸಮುದ್ರದಲ್ಲಿ 1902ರಿಂದ ಕಾವೇರಿಯ ನೀರು ಚಕ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಕೊಟ್ಟಂತೆ, ಜಲಜನಕದ ಕಣಗಳ ಪ್ರವಾಹವು ಈ ಮೋಟಾರನ್ನು ತಿರುಗಿಸಿ ಎ. ಟಿ. ಪಿ. ಎಂಬ ಇಂಧನವಸ್ತುವನ್ನು ತಯಾರಿಸುತ್ತದೆ. ಎ. ಟಿ. ಪಿ.ಯನ್ನೇ ಕೊಟ್ಟರೆ ಮೋಟಾರು ಹಿಮ್ಮುಖವಾಗಿ ತಿರುಗುವುದನ್ನು 1997ರಲ್ಲಿ ಜಪಾನಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ಪ್ರತ್ಯಕ್ಷವಾಗಿ ಕಂಡರು. 2000ದಲ್ಲಿ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಇದರ ತಲೆಗೆ ನಿಕ್ಕಲ್ ಲೋಹದ ರೆಕ್ಕೆಗಳನ್ನು ಜೋಡಿಸಿದರು. ಪರೀಕ್ಷಿಸಿದ 400 ರೆಕ್ಕೆಗಳಲ್ಲಿ ತಿರುಗಿದುವು ಐದೇ. ನೂರು ಬೀಜ ಬಿತ್ತಿ ಒಂದು ಮೊಳೆತುದಕ್ಕೆ ಸಂತೋಷಪಟ್ಟಂತಾಯಿತೆಂದು ರೈತರು ನಗಬಹುದು; ಆದರೆ ಅದುವರೆಗೆ ಇಂಥ ಮೋಟಾರಿಗೆ ಲೋಹದ ರೆಕ್ಕೆಯನ್ನು ಕಟ್ಟಿ ತಿರುಗಿಸಿದವರೇ ಇರಲಿಲ್ಲ.

ಇಂಥ ಯಂತ್ರಗಳಿಂದ ಬಾವಿಯ ನೀರೆತ್ತಬಹುದೆಂದು ಯಾರಾದರೂ ಹೇಳಿದರೆ ನಂಬತಕ್ಕುದಲ್ಲ. ರೋಗಿಯ ಮೈಯೊಳಗೆ ಔಷಧವನ್ನು ಬೇಕಾದ ಸ್ಥಳಕ್ಕೆ ಸಾಗಿಸುವುದೇ ಮೊದಲಾದ ಕಿರುಗೆಲಸಗಳಿಗಾಗಿ ಇವುಗಳನ್ನು ಪಳಗಿಸುವ ಪ್ರಯತ್ನಗಳು ನಡೆದಿವೆ. ಹೊಲದಲ್ಲಾದರೋ ಇದೇ ಇಂಧನವು ಯಾವ ಚಕ್ರವೂ ಇಲ್ಲದೆ ದುಡಿಯುತ್ತಿದೆ. ತೊಗರಿ, ಅವರೆ, ಹುರುಳಿಗಳ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯವು ಗಾಳಿಯ ಸಾರಜನಕದ ಒಂದು ಅಣುವನ್ನು ಗೊಬ್ಬರವಾಗಿ ಮಾರ್ಪಡಿಸಲು ಎ. ಟಿ. ಪಿ.ಯ ಹದಿನಾರು ಅಣುಗಳನ್ನಾದರೂ ವ್ಯಯಮಾಡುತ್ತದೆ. ಅದಕ್ಕೆ ಬೇಕಾದ ಸಕ್ಕರೆಯನ್ನು ಗಿಡವೇ ಕೊಡುತ್ತದೆ.

ಆರ್ಗಾನಿನಲ್ಲಿ ಚಕ್ರ ತಿರುಗಿಸಿದ ಬ್ಯಾಸಿಲಸ್ ಸಬ್ಟಿಲಿಸ್ಸೂ ಈ ರೈಜೋಬಿಯಮ್ಮೂ ಇಂದು ಅಂಗಡಿಗಳಲ್ಲಿ ಪೊಟ್ಟಣವಾಗಿ ದೊರೆಯುತ್ತವೆ. ಮೊದಲನೆಯದು ಬೇರುಕೊಳೆ ಮುಂತಾದ ರೋಗಗಳ ತಡೆಗೆ, ಎರಡನೆಯದು ಬೀಜೋಪಚಾರಕ್ಕೆ. ಎರಡೂ ಜೀವವುಳ್ಳ ವಸ್ತುಗಳಾದರೂ ಇವುಗಳ ಸ್ವಭಾವವು ಒಂದೇ ಅಲ್ಲ. ಬ್ಯಾಸಿಲಸ್ಸು ಗಟ್ಟಿಯಾದ ಕವಚದೊಳಗೆ ನಿದ್ರಾವಸ್ಥೆಯಲ್ಲಿದ್ದು, ತೇವವೂ ಆಹಾರವೂ ದೊರೆತಾಗ ಎಚ್ಚರಗೊಳ್ಳುತ್ತದೆ. ರೈಜೋಬಿಯಮ್ಮಿಗೆ ಅಂಥ ಕವಚವಿಲ್ಲ. ಆದಕಾರಣ ಅದರ ಪೊಟ್ಟಣವನ್ನು ಬಿಸಿಲಿನಲ್ಲಾಗಲಿ ರಾಸಾಯನಿಕ ಗೊಬ್ಬರದ ಮೂಟೆಯ ಜೊತೆಯಲ್ಲಾಗಲಿ ಇಡದೆ, ತಂಪಾದ ನೆರಳಿನಲ್ಲಿಟ್ಟು, ಅದರ ಮೇಲೆ ಬರೆದಿರುವ ತಾರೀಖಿನ ಒಳಗಾಗಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿಯೇ ಆರಿಸಿ, ತಡಮಾಡದೆ ಬಿತ್ತತಕ್ಕುದು.